ಪಿಯಾನೋ ಪಿನ್ ಸಡಿಲವಾದಾಗ: ಅಂಟು ಹಾಕೋದಾ, ದಪ್ಪ ಪಿನ್ ಹೊಡೆಯೋದಾ, ಹೊಸ ತೂತು ಕೊರೆಯೋದಾ?

ಡ್ರಿಲ್ ಕೈಗೆ ತೆಗೆದುಕೊಳ್ಳುವ ಮೊದಲು ಕ್ಯಾಲೆಂಡರ್ ನೋಡಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆ ಸುರಿಯುತ್ತಿದ್ದರೆ ಡ್ರಿಲ್ಲನ್ನು ಮತ್ತೆ ಪೆಟ್ಟಿಗೆಯೊಳಗೆ ಇಡಿ. ಕೊಡಗಿನಲ್ಲಿ ಪಿಯಾನೋ ಪಿನ್ನಿನ ತೂತಿಗೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಕಡೆ ಪಿಯಾನೋ ಇರುವ ಮನೆಗಳು ಕಮ್ಮಿ. ಹಳೆಯ ಕಾಫಿ ತೋಟದ ಬಂಗಲೆಗಳಲ್ಲಿ, ಚರ್ಚುಗಳಲ್ಲಿ, ಒಂದೆರಡು ಶಾಲೆಗಳಲ್ಲಿ ನಾನು ನೋಡಿದ್ದೇನೆ. ಹೆಚ್ಚಿನವು ಗೋಡೆಗೆ ಒರಗಿ ನಿಲ್ಲುವ ಅಪ್‌ರೈಟ್‌ಗಳು. ಮೈಸೂರಿನಿಂದ ಬರುತ್ತಿದ್ದ ಟ್ಯೂನರ್ ಒಬ್ಬರಿಗೆ ಸಹಾಯಕ್ಕೆಂದು ಹೋಗಿ ನಾನು ಈ ಕೆಲಸ ಕಲಿತೆ. ಮರಗೆಲಸ ಮೊದಲೇ ಗೊತ್ತಿತ್ತು. ಆದರೆ ಬಾಗಿಲಿಗೆ ತೂತು ಕೊರೆಯುವುದೇ ಬೇರೆ, ಪಿಯಾನೋಗೆ ಕೊರೆಯುವುದೇ ಬೇರೆ.

ಪಿಯಾನೋ ಒಳಗೆ ಸುಮಾರು 220ರಿಂದ 230 ತಂತಿಗಳಿರುತ್ತವೆ. ಪ್ರತಿಯೊಂದರ ತುದಿಯೂ ಒಂದು ಉಕ್ಕಿನ ಪಿನ್ನಿಗೆ ಸುತ್ತಿಕೊಂಡಿರುತ್ತದೆ. ಒಂದೊಂದು ತಂತಿ ಸುಮಾರು 70ರಿಂದ 80 ಕಿಲೋ ತೂಕದಷ್ಟು ಎಳೆಯುತ್ತದೆ. ಎಲ್ಲ ಸೇರಿದರೆ 15 ಟನ್ ದಾಟುತ್ತದೆ. ಆ ಭಾರವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಆದರೆ ಪಿನ್ ತಿರುಗಿ ತಂತಿ ಸಡಿಲವಾಗದಂತೆ ಹಿಡಿದಿಡುವುದು ಮರ. ಪಿನ್‌ಬ್ಲಾಕ್ ಅನ್ನುವ ದಪ್ಪ ಹಲಗೆ ಅದು. ಮೇಪಲ್ ಅಥವಾ ಬೀಚ್ ಮರದ ಪದರಗಳನ್ನು ಅಡ್ಡ-ಉದ್ದ ಜೋಡಿಸಿ ಅಂಟಿಸಿರುತ್ತಾರೆ. ಪಿನ್ನಿಗೆ ನಟ್ ಇಲ್ಲ, ಬೀಗ ಇಲ್ಲ. ತೂತು ಪಿನ್ನಿಗಿಂತ ಸುಮಾರು ಅರ್ಧ ಮಿಲಿಮೀಟರ್ ಸಣ್ಣದಾಗಿರುತ್ತದೆ, ಅಷ್ಟೇ. ಆ ಅರ್ಧ ಮಿಲಿಮೀಟರಿನ ಬಿಗಿಯಲ್ಲೇ ಇಡೀ ಸಂಗೀತ ನಿಂತಿದೆ.

ಈಗ ನಮ್ಮ ಹವೆಯನ್ನು ಇದಕ್ಕೆ ಸೇರಿಸಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮರ ನೀರು ಕುಡಿದು ಉಬ್ಬುತ್ತದೆ. ಪದರಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಆ ಉಬ್ಬು ಆಚೆ ಹೋಗಲು ಜಾಗವಿಲ್ಲ. ಪಿನ್ನಿನ ಮೇಲೆಯೇ ಒತ್ತುತ್ತದೆ. ಉಕ್ಕು ಬಗ್ಗುವುದಿಲ್ಲ, ಮರದ ನಾರು ಜಜ್ಜಿಹೋಗುತ್ತದೆ. ಜನವರಿ, ಫೆಬ್ರವರಿ ಹೊತ್ತಿಗೆ ಮರ ಒಣಗಿದಾಗ ಜಜ್ಜಿದ ನಾರು ಮೊದಲಿನಂತೆ ಎದ್ದು ನಿಲ್ಲುವುದಿಲ್ಲ. ತೂತು ಕೂದಲೆಳೆಯಷ್ಟು ದೊಡ್ಡದಾಗಿರುತ್ತದೆ. ಇದು ನೂರು ಮಳೆಗಾಲ ನಡೆದರೆ ಏನಾಗುತ್ತದೆ ಅಂತ ಯೋಚನೆ ಮಾಡಿ.

ಹಾಗಾಗಿ ಆಗಸ್ಟ್‌ನಲ್ಲಿ ಗಟ್ಟಿಯಾಗಿದ್ದ ಪಿನ್ ಫೆಬ್ರವರಿಯಲ್ಲಿ ಸಡಿಲ. ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹೊರಗಿನಿಂದ ಬಂದ ರಿಪೇರಿಯವರೊಬ್ಬರು ಜೋರು ಮಳೆಯಲ್ಲಿ ಹದಿನೈದು ತೂತು ಕೊರೆದಿದ್ದರು. ಮೊದಲ ಪಿನ್ ತೀರಾ ಬಿಗಿ ಅನ್ನಿಸಿತಂತೆ. ಉಳಿದ ತೂತುಗಳಿಗೆ ಒಂದು ಸೈಜ್ ದೊಡ್ಡ ಬಿಟ್ ಹಾಕಿದರು. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅಷ್ಟೂ ಪಿನ್ ಕೈಗೆ ಮೆತ್ತಗೆ ತಿರುಗುತ್ತಿದ್ದವು. ಆ ಮನೆಯ ಅಜ್ಜಿ ಪಿಯಾನೋ ಮುಚ್ಚಳವನ್ನೇ ತೆಗೆಯುವುದು ಬಿಟ್ಟಿದ್ದರು. ನನಗೆ ಇವತ್ತಿಗೂ ಬೇಜಾರು.

ಮೊದಲು, ನಿಜವಾಗಿಯೂ ಪಿನ್ ಸಡಿಲವಾ?

ಶ್ರುತಿ ಇಳಿದ ಕೂಡಲೇ ಪಿನ್ನನ್ನು ದೂರಬೇಡಿ. ತಂತಿಯ ಹಿಂದೆ ಸೌಂಡ್‌ಬೋರ್ಡ್ ಅನ್ನುವ ತೆಳು ಹಲಗೆ ಇದೆ. ಮಳೆಗಾಲದಲ್ಲಿ ಅದು ಉಬ್ಬಿ ತಂತಿಗಳನ್ನು ತಳ್ಳುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಇಳಿಯುತ್ತದೆ. ನಡುವಿನ ಸ್ವರಗಳೆಲ್ಲ ಒಟ್ಟಿಗೆ ಇಳಿದಿದ್ದರೆ ಅದು ಹವೆಯ ಆಟ. ಒಂದೇ ಸ್ವರದ ಮೂರು ತಂತಿಗಳಲ್ಲಿ ಎರಡು ಸರಿ ಇದ್ದು, ಒಂದು ಮಾತ್ರ ಜಾರಿ ಊಳಿಡುವ ಹಾಗೆ ಕೇಳಿಸಿದರೆ ಆಗ ಪಿನ್ ಮೇಲೆ ಅನುಮಾನಪಡಿ.

ಪರೀಕ್ಷೆಗೆ ಒಳ್ಳೆಯ ಕಾಲ ಫೆಬ್ರವರಿಯಿಂದ ಮಾರ್ಚ್, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು. ತಿರುಗುವ ಬಿಗಿ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಅಳೆಯಿರಿ. ಹೊಸ ಪಿನ್ನಿಗೆ 11ರಿಂದ 17 ನ್ಯೂಟನ್ ಮೀಟರ್ ಬಿಗಿ ಇರುತ್ತದೆ. ಹಳೆಯದಕ್ಕೆ 7 ಅಥವಾ 8 ಇದ್ದರೂ ನಡೆಯುತ್ತದೆ. 5ಕ್ಕಿಂತ ಕೆಳಗೆ ಬಂದರೆ ತಂತಿ ನಿಲ್ಲುವುದು ಕಷ್ಟ. ರೆಂಚ್ ಇಲ್ಲದಿದ್ದರೆ ಟ್ಯೂನ್ ಮಾಡಿ, ಅನುಮಾನದ ಪಿನ್ನಿನ ತಲೆಗೂ ಪಕ್ಕದ ಕಬ್ಬಿಣಕ್ಕೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆಯಿರಿ. ಎರಡು ವಾರ ಬಿಟ್ಟು ಗೆರೆ ಸರಿದಿದೆಯಾ ನೋಡಿ.

ಸಡಿಲ ಪಿನ್‌ಗಳು ಅಲ್ಲೊಂದು ಇಲ್ಲೊಂದು ಇದ್ದರೆ ಅದು ತೂತಿನ ಸವೆತ. ಏಳೆಂಟು ಪಿನ್ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಸಡಿಲವಾಗಿದ್ದರೆ ಬ್ಲಾಕ್ ಒಳಗೆ ಸೀಳು ಬಿಟ್ಟಿರಬಹುದು. ಸೀಳಿದ ಮರಕ್ಕೆ ದಪ್ಪ ಪಿನ್ ಹೊಡೆದರೆ ಸೀಳು ಇನ್ನೂ ಬಿರಿಯುತ್ತದೆ. ಈ ವ್ಯತ್ಯಾಸ ಗೊತ್ತಾಗುವ ತನಕ ಮುಂದೆ ಹೋಗಬೇಡಿ.

ಕೊರೆಯದೆ ಆಗುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ಪಿನ್ನನ್ನು ಸ್ವಲ್ಪ ಒಳಗೆ ಬಡಿಯುವುದು. ತಂತಿಯ ಸುರುಳಿಗೂ ಕಬ್ಬಿಣಕ್ಕೂ ನಡುವೆ ಸುಮಾರು 5 ಮಿಲಿಮೀಟರ್ ಜಾಗ ಇದ್ದರೆ ಎರಡು ಮಿಲಿಮೀಟರ್ ಬಡಿಯಬಹುದು. ಸುರುಳಿ ಕಬ್ಬಿಣಕ್ಕೆ ತಾಗಬಾರದು. ಒಂದೆರಡು ಪಿನ್ನಿಗೆ ಸಾಕು. ಹಳೆಯ ಪಿಯಾನೋಗಳಲ್ಲಿ ಇದನ್ನು ಮೊದಲೇ ಯಾರೋ ಮಾಡಿ ಮುಗಿಸಿರುತ್ತಾರೆ.

ತೂತಿನೊಳಗೆ ಉಪ್ಪುಕಾಗದದ ಪಟ್ಟಿ ಸುತ್ತಿ ಪಿನ್ ಹೊಡೆಯುವ ಪದ್ಧತಿಯೂ ಇದೆ. ತುರ್ತಿಗೆ ಆಗುತ್ತದೆ. ಪಿನ್ ಒಂದು ಬದಿಗೆ ವಾಲುತ್ತದೆ, ತಿರುಗಿಸುವಾಗ ಜರ್ಕ್ ಹೊಡೆಯುತ್ತದೆ. ನನಗೆ ಇಷ್ಟವಿಲ್ಲ.

ಮೂರನೆಯದು ತೆಳು ಸೂಪರ್ ಗ್ಲೂ, ಅಂದರೆ ನೀರಿನಷ್ಟೇ ತೆಳುವಾದ ಸಯನೋಆಕ್ರಿಲೇಟ್. ಹತ್ತರಲ್ಲಿ ಏಳು ಮನೆಗೆ ನಾನು ಹೇಳುವುದು ಇದನ್ನೇ. ತಂತಿ ಬಿಚ್ಚಬೇಕಿಲ್ಲ, ಪಿನ್ ತೆಗೆಯಬೇಕಿಲ್ಲ. ಪಿನ್ನಿನ ಬುಡಕ್ಕೆ ಹನಿ ಹನಿಯಾಗಿ ಬಿಟ್ಟರೆ ಅಂಟು ಸಂದಿಗೆ ತಾನಾಗಿ ಇಳಿಯುತ್ತದೆ. ಜಜ್ಜಿದ ನಾರನ್ನು ಗಟ್ಟಿ ಮಾಡುತ್ತದೆ. ಪಿನ್ ಅಂಟಿಕೊಂಡು ಕೂರುವುದಿಲ್ಲ. ಮೊದಲ ಸಲ ತಿರುಗಿಸುವಾಗ ಒಂದು ಟಕ್ ಶಬ್ದ ಬರುತ್ತದೆ, ಆಮೇಲೆ ಸಲೀಸಾಗಿ, ಬಿಗಿಯಾಗಿ ತಿರುಗುತ್ತದೆ. ಹತ್ತು ಹತ್ತು ನಿಮಿಷ ಬಿಟ್ಟು ಎರಡು ಮೂರು ಸಲ ಅಂಟು ಹಾಕಿ, ಒಂದು ರಾತ್ರಿ ಬಿಡಿ.

ಅಪ್‌ರೈಟ್ ಆದರೆ ಅದನ್ನು ಬೆನ್ನ ಮೇಲೆ ಮಲಗಿಸಬೇಕು, ಇಲ್ಲದಿದ್ದರೆ ಅಂಟು ಕೆಳಗೆ ಹರಿದು ಹಾಳು ಮಾಡುತ್ತದೆ. 200 ಕಿಲೋ ದಾಟುವ ವಸ್ತು ಅದು, ಭಾರವೆಲ್ಲ ಹಿಂಬದಿಗಿರುತ್ತದೆ. ಒಬ್ಬರೋ ಇಬ್ಬರೋ ಪ್ರಯತ್ನ ಮಾಡಬೇಡಿ, ನಾಲ್ಕು ಜನ ಇರಲಿ. ತಂತಿಗೆ ಬಡಿಯುವ ಸುತ್ತಿಗೆಗಳ ಜೋಡಣೆಯನ್ನು ಮೊದಲೇ ಹೊರಗೆ ತೆಗೆದಿಡಿ. ಕಿಟಕಿ ತೆರೆದಿಡಿ, ಹೊಗೆ ಕಣ್ಣಿಗೆ ಉರಿ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಈ ಅಂಟು ಹತ್ತಿಗೆ ತಾಗಿದರೆ ಬಿಸಿಯಾಗಿ ಕೈ ಸುಡುತ್ತದೆ.

ನಮ್ಮ ಹವೆಗೆ ಸಂಬಂಧಿಸಿದ ಇನ್ನೊಂದು ವಿಷಯ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಕೊಡಗಿನ ಮಳೆಗಾಲದಲ್ಲಿ ಅದು ಒಳಗೆ ಇಳಿಯುವ ಮೊದಲೇ ಬಾಯಲ್ಲಿ ಹೆಪ್ಪುಗಟ್ಟುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ಆಳಕ್ಕೆ ಇಳಿಯಲು ಸಮಯ ಸಿಗುತ್ತದೆ, ಸಂದಿಯೂ ಆಗಲೇ ದೊಡ್ಡದಿರುತ್ತದೆ. ಇಲ್ಲೂ ಫೆಬ್ರವರಿಯೇ ಗೆದ್ದಿತು ನೋಡಿ.

ಅಂಟು ಕೆಲಸ ಮಾಡದ ಜಾಗವೂ ಇದೆ. ಹಿಂದೆ ಗ್ಲಿಸರಿನ್ ಬೆರೆಸಿದ ದ್ರವವನ್ನು ಪಿನ್ನಿಗೆ ಬಿಡುವ ಅಭ್ಯಾಸವಿತ್ತು. ಮರ ಊದಿ ಸ್ವಲ್ಪ ದಿನ ಹಿಡಿಯುತ್ತಿತ್ತು. ತುಕ್ಕು ಬಿಡಿಸಲು ಎಣ್ಣೆ ಬಿಟ್ಟವರೂ ಇದ್ದಾರೆ. ಪಿನ್ನಿನ ಸುತ್ತ ಕಪ್ಪು, ಜಿಡ್ಡಿನ ಉಂಗುರ ಕಂಡರೆ ಅಂಟು ಹಿಡಿಯುವುದು ಅನುಮಾನ. ಅಂಥ ಪಿಯಾನೋಗಳೇ ಕೊನೆಗೆ ಡ್ರಿಲ್ ತನಕ ಬರುವುದು.

ದಪ್ಪ ಪಿನ್: ಬಿಟ್ಟಾ, ರೀಮರ್ರಾ?

ಪಿನ್ ಸೈಜುಗಳನ್ನು 1/0, 2/0, 3/0 ಹೀಗೆ ಕರೆಯುತ್ತಾರೆ. 2/0 ಅಂದರೆ ಸುಮಾರು 7.15 ಮಿಲಿಮೀಟರ್ ದಪ್ಪ. ಮುಂದಿನ ಒಂದೊಂದು ಸೈಜಿಗೆ ಸುಮಾರು 0.12 ಮಿಲಿಮೀಟರ್ ಹೆಚ್ಚುತ್ತದೆ. 4/0 ಸುಮಾರು 7.4. ಉದ್ದ 60ರಿಂದ 64 ಮಿಲಿಮೀಟರ್. ಹಳೆಯ ಪಿನ್ನನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯದೆ ಹೊಸದನ್ನು ತರಿಸಬೇಡಿ.

ಕಮ್ಮಿ ಸವೆದ ತೂತಿಗೆ ಒಂದು ಸೈಜ್ ದೊಡ್ಡದು, ಜಾಸ್ತಿ ಸವೆದದ್ದಕ್ಕೆ ಎರಡು. ಹೀಗೆ ಸುಮ್ಮನೆ ಹಳೆಯ ತೂತಿಗೇ ಹೊಡೆಯುವವರೇ ಜಾಸ್ತಿ. ತೂತು ಸ್ವಚ್ಛವಾಗಿ ಗುಂಡಗೆ ಇದ್ದರೆ ಸರಿ. ಆದರೆ ನೂರು ವರ್ಷ ಒಂದೇ ಕಡೆಗೆ ಎಳೆಸಿಕೊಂಡ ತೂತು ಮೊಟ್ಟೆಯಾಕಾರವಾಗಿರುತ್ತದೆ. ಒಳಗೋಡೆ ಗಾಜಿನ ಹಾಗೆ ನುಣುಪಾಗಿರುತ್ತದೆ. ಅದನ್ನು ಕೆರೆದು ಗುಂಡಗೆ ಮಾಡಿ ಆಮೇಲೆ ದಪ್ಪ ಪಿನ್ ಹೊಡೆಯುವುದು ಒಳ್ಳೆಯದು.

ಇಲ್ಲಿ ಡ್ರಿಲ್ ಬಿಟ್ ಬೇಡ. ಇರುವ ತೂತಿಗೆ ಬಿಟ್ ಇಳಿಸಿದರೆ ಅದು ಗಬಕ್ಕನೆ ಕಚ್ಚಿಕೊಂಡು ತಾನೇ ಒಳಗೆ ನುಗ್ಗುತ್ತದೆ. ಗೋಡೆಯ ನಾರು ಕಿತ್ತುಬರುತ್ತದೆ. ರೀಮರ್ ಹಾಗಲ್ಲ, ಗೋಡೆಯನ್ನು ಸವರಿ ತೆಗೆಯುತ್ತದೆ. ಕೈಯಲ್ಲೇ ತಿರುಗಿಸಿ. ಒಂದು ತೂತಿಗೆ ಎರಡು ನಿಮಿಷ ಆದರೂ ಆಗಲಿ. ಇರುವ ತೂತನ್ನು ಹಿಗ್ಗಿಸಲು ರೀಮರ್, ಹೊಸ ತೂತಿಗೆ ಮಾತ್ರ ಬಿಟ್. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ದಪ್ಪ ಪಿನ್ನಿನ ತೊಂದರೆಯನ್ನೂ ಹೇಳಬೇಕು. ಈಗಾಗಲೇ 4/0 ಇದ್ದರೆ ಮುಂದೆ ಹೋಗಲು ಜಾಗ ಕಮ್ಮಿ. ಪಿನ್ ತಿರುಗಿಸುವ ಟ್ಯೂನಿಂಗ್ ಲಿವರ್‌ನ ಬಾಯಿ ಒಂದು ಪಿನ್ನಿಗೆ ಕೂತರೆ ಇನ್ನೊಂದಕ್ಕೆ ಕೂರುವುದಿಲ್ಲ. ಮತ್ತೆ, ಅಂಟು ಸೋತರೆ ಆಮೇಲೂ ದಪ್ಪ ಪಿನ್ ಹಾಕಬಹುದು. ಹಿಗ್ಗಿಸಿದ ತೂತನ್ನು ಕುಗ್ಗಿಸಲು ಆಗುವುದಿಲ್ಲ. ಅದಕ್ಕೇ ಅಂಟು ಮೊದಲು.

ಬೆಣೆ ಹಾಕಿ ಹೊಸದಾಗಿ ಕೊರೆಯುವುದು

ತೂತು ಕೈಮೀರಿ ಹೋಗಿದ್ದರೆ ಅದನ್ನು ದೊಡ್ಡದಾಗಿ ಕೊರೆದು, ಮರದ ಬೆಣೆ ಅಂಟಿಸಿ, ಅದರೊಳಗೆ ಸರಿಯಾದ ಸೈಜಿನ ತೂತು ಕೊರೆಯಬಹುದು. ಒಂದೆರಡು ಕೆಟ್ಟ ತೂತಿಗೆ ಇದು ಒಳ್ಳೆಯ ದಾರಿ. ಐವತ್ತು ತೂತಿಗೆ ಇದೇ ಮಾಡುತ್ತೇನೆ ಅಂದರೆ ಹೊಸ ಬ್ಲಾಕ್ ಹಾಕುವುದೇ ವಾಸಿ.

ಯಾವ ಮರ? ನಮ್ಮಲ್ಲಿ ಮರಕ್ಕೇನು ಬರ, ಅಲ್ವಾ? ತೋಟದ ತುಂಬ ಸಿಲ್ವರ್ ಓಕ್, ಹಳೆ ಮನೆಯ ತೊಲೆಯಲ್ಲಿ ತೇಗ, ಅಟ್ಟದ ಮೇಲೆ ಒಂದು ತುಂಡು ಬೀಟೆ. ಊರಿನ ಆಚಾರಿಗಳು ಪ್ರೀತಿಯಿಂದ ತಂದುಕೊಡುತ್ತಾರೆ. ಮೂರೂ ಬೇಡ. ಸಿಲ್ವರ್ ಓಕ್ ಮೆದು, ಪಿನ್ನಿನ ಒತ್ತಡಕ್ಕೆ ಬೇಗ ಜಜ್ಜಿಹೋಗುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿದೆ. ಪೀಠೋಪಕರಣಕ್ಕೆ ಅದೇ ವರ, ಇಲ್ಲಿ ಅದೇ ಶಾಪ. ಅಂಟು ಸರಿಯಾಗಿ ಹಿಡಿಯುವುದಿಲ್ಲ, ಪಿನ್ನೂ ಜಾರುತ್ತದೆ. ಬೀಟೆ ಕಲ್ಲಿನಷ್ಟು ಗಟ್ಟಿ, ಆದರೆ ಅದೂ ಜಿಡ್ಡಿನ ಮರವೇ. ಮೇಪಲ್ ಅಥವಾ ಬೀಚ್ ಬೇಕು. ಆಮದಾದ ಸ್ಟೀಮ್ ಬೀಚ್ ಬೆಂಗಳೂರಿನ ಮರದ ವ್ಯಾಪಾರಿಗಳ ಬಳಿ ಸಿಗುತ್ತದೆ. ತಂದ ಮೇಲೆ ಪಿಯಾನೋ ಇರುವ ಕೋಣೆಯಲ್ಲೇ ಒಂದು ತಿಂಗಳು ಇಡಿ. ಮರ ಆ ಮನೆಯ ಹವೆಗೆ ಹೊಂದಿಕೊಳ್ಳಲಿ.

ಬೆಣೆಯ ನಾರು ಯಾವ ಕಡೆಗಿದೆ ಅನ್ನುವುದೂ ಮುಖ್ಯ. ಅಂಗಡಿಯ ಗುಂಡು ಕಡ್ಡಿಯಲ್ಲಿ ನಾರು ಉದ್ದಕ್ಕೆ ಓಡುತ್ತದೆ. ಅದಕ್ಕೆ ತೂತು ಕೊರೆದರೆ ಪಿನ್ನಿಗೆ ನಾರಿನ ಪಕ್ಕೆ ಮಾತ್ರ ಸಿಗುತ್ತದೆ, ತುದಿ ಸಿಗುವುದಿಲ್ಲ. ಹಿಡಿತ ಕಮ್ಮಿ, ಸೀಳುವುದೂ ಬೇಗ. ಮೂಲ ಬ್ಲಾಕಿನಲ್ಲಿ ಪದರಗಳು ಅಡ್ಡಡ್ಡ ಇರುವುದರಿಂದ ಪಿನ್ನಿಗೆ ಸುತ್ತಲೂ ನಾರಿನ ತುದಿಗಳು ಕಚ್ಚುತ್ತವೆ. ಹಾಗಾಗಿ ಅಡ್ಡ ನಾರಿನ ಬೆಣೆಯನ್ನು ನೀವೇ ಹಲಗೆಯಿಂದ ಪ್ಲಗ್ ಕಟರ್‌ನಲ್ಲಿ ಕೊಯ್ದು ಮಾಡಿಕೊಳ್ಳಿ. ಪದರದ ಬೀಚ್ ಸಿಕ್ಕರೆ ಇನ್ನೂ ಒಳ್ಳೆಯದು.

ಬೆಣೆಯ ಬದಲು ಎಪಾಕ್ಸಿ ತುಂಬಿ ಕೊರೆಯುವವರಿದ್ದಾರೆ. ಬಿಟ್ಟಿನ ಬಿಸಿಗೆ ಅದು ಮೆತ್ತಗಾಗುತ್ತದೆ. ಮರದ ನಾರಿನ ಮಿಡಿತ ಅದಕ್ಕಿಲ್ಲ.

ಕೊರೆಯುವ ಕೈ

ಕೊರೆಯಲೇಬೇಕು ಅಂತಾದರೆ ನಿಧಾನವಾಗಿ ಕೊರೆಯಿರಿ. ಮೊದಲು ಪಿಯಾನೋ ಮೇಲಲ್ಲ. ಅದೇ ಮರದ ತುಂಡಿನಲ್ಲಿ ಬೇರೆ ಬೇರೆ ಬಿಟ್‌ಗಳಿಂದ ನಾಲ್ಕೈದು ತೂತು ಮಾಡಿ. ಪಿನ್ ಹೊಡೆದು, ಒಂದು ರಾತ್ರಿ ಬಿಟ್ಟು, ಬಿಗಿ ಅಳೆಯಿರಿ. 2/0 ಪಿನ್ನಿಗೆ ಸಾಮಾನ್ಯ ಮೇಪಲ್‌ನಲ್ಲಿ 6.35ರಿಂದ 6.5 ಮಿಲಿಮೀಟರ್ ಬಿಟ್, ದಟ್ಟ ಪದರದ ಬೀಚ್‌ನಲ್ಲಿ 6.6ರಿಂದ 6.75. ಇವು ಶುರು ಮಾಡಲು ಮಾತ್ರ. ಬಿಟ್ಟಿನ ಮೇಲೆ ಬರೆದ ಅಳತೆಯೂ ಅದು ಕೊರೆದ ತೂತಿನ ಅಳತೆಯೂ ಒಂದೇ ಆಗಿರುವುದಿಲ್ಲ. ಕೈ ಅಲುಗಿದರೆ ಇನ್ನೂ ದೊಡ್ಡದಾಗುತ್ತದೆ.

ಬಿಸಿ ಇಲ್ಲಿ ದೊಡ್ಡ ಶತ್ರು. ಸುಟ್ಟ ತೂತಿನ ಗೋಡೆ ಇದ್ದಿಲಿನ ಹಾಗೆ ನಯವಾಗಿ, ಪಿನ್ ಅದರಲ್ಲಿ ಜಾರುತ್ತದೆ. ಹೊಸ, ಹರಿತವಾದ ಬಿಟ್ ಇರಲಿ. ನಡುವೆ ಚೂಪು ಮೊನೆ ಇರುವ ಮರಗೆಲಸದ ಬಿಟ್ ಜಾಗ ತಪ್ಪುವುದಿಲ್ಲ. ಸುಮಾರು 10 ಮಿಲಿಮೀಟರ್ ಇಳಿಸಿ, ಹೊರಗೆ ತೆಗೆದು ಹೊಟ್ಟು ಊದಿ, ಮತ್ತೆ ಇಳಿಸಿ. ಸುರುಳಿ ಸುರುಳಿಯಾಗಿ ಸಿಪ್ಪೆ ಬಂದರೆ ಬಿಟ್ ಚೆನ್ನಾಗಿದೆ. ಪುಡಿ ಬಂದರೆ ಮೊಂಡಾಗಿದೆ. ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ತೋಟದ ಮನೆಗಳಲ್ಲಿ ವೋಲ್ಟೇಜ್ ಏರಿಳಿದು ಡ್ರಿಲ್ ವೇಗ ಬದಲಾಗುವುದುಂಟು. ನಾನು ಚಾರ್ಜ್ ಮಾಡಿದ ಬ್ಯಾಟರಿ ಡ್ರಿಲ್ಲನ್ನೇ ಒಯ್ಯುತ್ತೇನೆ.

ಪಿನ್‌ಗಳು ನೇರವಾಗಿ ನಿಂತಿರುವುದಿಲ್ಲ. ತಂತಿ ಎಳೆಯುವ ದಿಕ್ಕಿಗೆ ವಿರುದ್ಧವಾಗಿ 5ರಿಂದ 7 ಡಿಗ್ರಿ ವಾಲಿರುತ್ತವೆ. ಪಕ್ಕದ ಪಿನ್ನುಗಳನ್ನೇ ಕಣ್ಣಳತೆಗೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಖಾಲಿ ತೂತು ಇದ್ದರೆ ಅದಕ್ಕೆ ಉದ್ದದ ಒಂದು ಸಲಾಕೆ ಸಿಕ್ಕಿಸಿ, ಡ್ರಿಲ್ಲನ್ನು ಅದಕ್ಕೆ ಸಮನಾಗಿ ಹಿಡಿಯಿರಿ. ಇನ್ನೊಬ್ಬರು ಬದಿಯಿಂದ ನೋಡುತ್ತಾ ಹೇಳಲಿ. ಬಿಟ್ ಕಬ್ಬಿಣದ ಚೌಕಟ್ಟಿಗೆ ತಾಗಿದರೆ ಬಿಟ್ ಹೋಯಿತು, ತೂತೂ ಸೊಟ್ಟ. ಕಬ್ಬಿಣದ ತೂತಿಗೆ ಸರಿಯಾಗಿ ಕೂರುವ ಹಿತ್ತಾಳೆಯ ಬುಷ್ (ಬಿಟ್ ಹಾಯುವ ಪುಟ್ಟ ಕೊಳವೆ) ಮಾಡಿಸಿಕೊಂಡರೆ ಈ ಚಿಂತೆ ಇಲ್ಲ. ಆಳದ ಗುರುತಿಗೆ ಬಿಟ್ ಮೇಲೆ ಬಣ್ಣದ ಟೇಪ್ ಸುತ್ತಿ.

ಪಿನ್ ಬಡಿಯುವಾಗ ಅಪ್‌ರೈಟ್‌ಗೆ ಹಿಂದಿನ ಕಂಬಗಳ ಆಸರೆ ಇದೆ. ಅಡ್ಡ ಮಲಗಿದ ಗ್ರ್ಯಾಂಡ್ ಪಿಯಾನೋ ಆದರೆ ಬ್ಲಾಕಿನ ಕೆಳಗೆ ಜ್ಯಾಕ್ ಕೊಡಲೇಬೇಕು, ಇಲ್ಲದಿದ್ದರೆ ಹೊಡೆತಕ್ಕೆ ಬ್ಲಾಕ್ ಸೀಳುತ್ತದೆ. ಪಿನ್ನಿನ ಎಳೆಗಳನ್ನು ಎಣ್ಣೆ ಕೈಯಲ್ಲಿ ಮುಟ್ಟಬೇಡಿ.

ಹೊಸ ಬ್ಲಾಕ್

ಬ್ಲಾಕ್ ಸೀಳಿದ್ದರೆ, ಅಥವಾ ಅರ್ಧಕ್ಕರ್ಧ ಪಿನ್ ಹೋಗಿ ಅಂಟೂ ಸೋತಿದ್ದರೆ ಇದೊಂದೇ ದಾರಿ. ಎಲ್ಲ ತಂತಿ ಬಿಚ್ಚಬೇಕು. ಅದೂ ಒಂದು ಕಡೆಯಿಂದ ಪೂರ್ತಿ ಬಿಚ್ಚುತ್ತಾ ಹೋಗುವ ಹಾಗಿಲ್ಲ. ಇಡೀ ಪಿಯಾನೋದಲ್ಲಿ ಸ್ವಲ್ಪ ಸ್ವಲ್ಪವಾಗಿ, ಸುತ್ತು ಸುತ್ತಾಗಿ ಸಡಿಲಿಸಬೇಕು. ಇಲ್ಲದಿದ್ದರೆ ಎಳೆತ ಒಂದೇ ಕಡೆಗೆ ಬಿದ್ದು ಎರಕದ ಚೌಕಟ್ಟು ಬಿರುಕು ಬಿಡಬಹುದು. ಆಮೇಲೆ ಚೌಕಟ್ಟು ಎತ್ತಿ, ಹಳೆ ಬ್ಲಾಕ್ ತೆಗೆದು, ಹೊಸದನ್ನು ಚೌಕಟ್ಟಿನ ಅಂಚಿಗೆ ಸಂದಿಲ್ಲದಂತೆ ಕೂರಿಸಬೇಕು. ಅಪ್‌ರೈಟ್‌ನಲ್ಲಿ ಬ್ಲಾಕ್ ಬೆನ್ನಿಗೇ ಅಂಟಿರುವುದರಿಂದ ಕಷ್ಟ ಇನ್ನೂ ಜಾಸ್ತಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ವರ್ಕ್‌ಶಾಪಿಗೆ ಕಳಿಸಿ. ಸಾಧಾರಣ ಅಪ್‌ರೈಟ್‌ಗೆ ಖರ್ಚು ಪಿಯಾನೋದ ಬೆಲೆಯನ್ನೇ ಮೀರಬಹುದು. ತಾತನ ಕಾಲದ್ದು, ಬಿಡಲು ಮನಸ್ಸಿಲ್ಲ ಅನ್ನುವವರಿಗೆ ಮಾತ್ರ ಇದನ್ನು ಹೇಳುತ್ತೇನೆ, ಅವರ ಮನಸ್ಸು ನನಗೂ ಅರ್ಥವಾಗುತ್ತದೆ.

ನಿಮ್ಮ ಮನೆಗೆ ಯಾವುದು?

ಕುಶಾಲನಗರದ ಕಡೆ ಮಳೆ ಕಮ್ಮಿ, ಮರದ ಏರಿಳಿತವೂ ಕಮ್ಮಿ. ಅಲ್ಲಿ ನಾಲ್ಕೈದು ಪಿನ್ ಮಾತ್ರ ಸಡಿಲ ಇದ್ದರೆ ಬಡಿದು ನೋಡಿ, ಸಾಲದಿದ್ದರೆ ಒಂದು ಸೈಜ್ ದಪ್ಪ ಪಿನ್ ಹಾಕಿ, ಮುಗಿಯಿತು. ಮಳೆ ಜೋರಿರುವ ಭಾಗಮಂಡಲ, ನಾಪೋಕ್ಲು ಕಡೆಯ ಮನೆಯಾದರೆ ಸಡಿಲವಾದದ್ದು ಹತ್ತೇ ಇದ್ದರೂ ಉಳಿದವು ಸಾಲಿನಲ್ಲಿ ನಿಂತಿವೆ ಅಂತ ತಿಳಿಯಿರಿ. ಒಂದೇ ಬೇಸಿಗೆಯಲ್ಲಿ ಎಲ್ಲಕ್ಕೂ ಅಂಟು ಹಾಕಿಸಿ. ಮುಂದಿನ ಫೆಬ್ರವರಿಯಲ್ಲಿ ಮತ್ತೆ ಅಳೆಯಿರಿ. ಆಗಲೂ ಸಡಿಲ ಇರುವ ಪಿನ್ನಿಗೆ ಮಾತ್ರ ರೀಮರ್. ಅದೂ ಹಿಡಿಯದ ಒಂದೆರಡಕ್ಕೆ ಬೆಣೆ.

ಬೀರುವಿನಲ್ಲಿ ಬಟ್ಟೆಗೆ ಬಲ್ಬ್ ಉರಿಸುವ ಹಾಗೆ ಪಿಯಾನೋ ಒಳಗೂ ಬಲ್ಬ್ ಇಡುವವರಿದ್ದಾರೆ. ಪಿನ್‌ಬ್ಲಾಕಿನ ಹತ್ತಿರ ಮಾತ್ರ ಬೇಡ, ಒಂದೇ ಜಾಗ ಒಣಗಿ ಬಿರುಕು ಬರುತ್ತದೆ. ಹೊರಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸಿದರೂ ಎಷ್ಟೋ ಒಳ್ಳೆಯದು.

ಕೆಲಸ ಮುಗಿದ ಮೇಲೆ ಮುಂದಿನ ಹಲಗೆಯ ಒಳಮೈಗೆ ಪೆನ್ಸಿಲ್‌ನಲ್ಲಿ ಬರೆದಿಡಿ. ಯಾವ ಸ್ವರದ ಎಷ್ಟನೇ ತಂತಿ, ಅಂಟೋ ಪಿನ್ನೋ, ಯಾವ ಸೈಜು, ಯಾವ ತಿಂಗಳು. ಸಿದ್ದಾಪುರದ ಆ ಮನೆಯ ಹದಿನೈದು ತೂತುಗಳನ್ನೂ ನಾನು ಹಾಗೇ ಬರೆದಿಟ್ಟೆ. ಹನ್ನೆರಡು ಅಂಟಿಗೇ ನಿಂತವು. ಮೂರಕ್ಕೆ ಬೀಚ್ ಬೆಣೆ ಹಾಕಿ 2/0 ಪಿನ್ ಹೊಡೆದೆ. ಎರಡು ಮಳೆಗಾಲ ಕಳೆದಿದೆ, ಅಜ್ಜಿ ಈಗ ಸಂಜೆ ಹೊತ್ತು ಮುಚ್ಚಳ ತೆಗೆಯುತ್ತಾರೆ.